ಗೋಡೆಯ ಪಸೆ

ಆಷಾಢ ಬಂದಿತೆಂದರೆ ಬಸವನಗುಡಿಯ ಹಳೆಯ ಮನೆಗಳ ಬಾಗಿಲುಗಳಿಗೆ ಮುನಿಸು ಬರುತ್ತದೆ. ಚೈತ್ರದಲ್ಲಿ ಮಗುವಿನ ಕೈ ಸೋಕಿದರೂ ತೆರೆದುಕೊಳ್ಳುತ್ತಿದ್ದ ದೇವರಮನೆಯ ಬಾಗಿಲನ್ನು ಈಗ ಭುಜ ಕೊಟ್ಟು ನೂಕಬೇಕು. ಡಬ್ಬಿಯಲ್ಲಿಟ್ಟ ಹಪ್ಪಳ ಮೆತ್ತಗಾಗುತ್ತದೆ. ಚಾಮರಾಜಪೇಟೆಯ ಸಂಗೀತದ ಮೇಷ್ಟರು ಮೃದಂಗದ ಶ್ರುತಿ ನಿಲ್ಲುತ್ತಿಲ್ಲವೆಂದು ಗೊಣಗುತ್ತಾರೆ. ಮಲ್ಲೇಶ್ವರದ ಪುಸ್ತಕಪ್ರಿಯರು ಬೀರುವಿನ ಬಾಗಿಲು ತೆರೆದು ಮೂಗು ಮುಚ್ಚಿಕೊಳ್ಳುತ್ತಾರೆ. ಅದೇ ಮನೆಯ ಸ್ಟೀಲಿನ ತಟ್ಟೆಗಾಗಲಿ ಗಾಜಿನ ಲೋಟಕ್ಕಾಗಲಿ ಮಳೆಗಾಲ ಬಂದ ಸುದ್ದಿಯೇ ಮುಟ್ಟಿರುವುದಿಲ್ಲ.

ಈ ಪಕ್ಷಪಾತಕ್ಕೆ ಕಾರಣವಿದೆ. ಮರ, ಚರ್ಮ, ಧಾನ್ಯ, ಕಾಗದ ಇವೆಲ್ಲವೂ ಒಂದಾನೊಂದು ಕಾಲಕ್ಕೆ ಜೀವವಿದ್ದ ವಸ್ತುಗಳಿಂದ ಬಂದವು. ಜೀವ ಹೋದ ಮೇಲೂ ಅವು ಗಾಳಿಯಲ್ಲಿರುವ ನೀರಿನೊಡನೆ ವ್ಯವಹಾರವನ್ನು ನಿಲ್ಲಿಸುವುದಿಲ್ಲ. ಗಾಳಿ ಹಸಿಯಾದಾಗ ಕೊಳ್ಳುತ್ತವೆ, ಒಣಗಿದಾಗ ಹಿಂದಕ್ಕೆ ಕೊಡುತ್ತವೆ. ಹುಲ್ಲು ಬೆರೆಸಿ ತುಳಿದ ಮಣ್ಣಿನ ಗೋಡೆ, ಬಿದಿರು ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮರದ ಹಲಗೆಯ ಗೋಡೆ ಇವೂ ಇದೇ ಬಳಗಕ್ಕೆ ಸೇರಿದವು. ಬಿದಿರು, ಹುಲ್ಲು, ಮರ, ಮಣ್ಣುಗಳಿಂದ ಮನೆ ಕಟ್ಟಬೇಕೆಂಬ ಆಸೆ ಓದಿದವರಲ್ಲಿ ಮತ್ತೆ ಚಿಗುರಿರುವ ಈ ದಿನಗಳಲ್ಲಿ, ಅಂತಹ ಗೋಡೆ ನೀರಿನೊಡನೆ ಹೇಗೆ ಬಾಳುತ್ತದೆಂಬುದನ್ನು ತಿಳಿದುಕೊಳ್ಳುವುದು ಉಪಯುಕ್ತವಾದೀತು. ಧಾರಾವಾಹಿಯ ನಾಯಕಿಯ ಗತಿಯೇನಾಯಿತೆಂಬ ಕಾತರದಲ್ಲಿ ಈ ಪುಟವನ್ನು ಮಗುಚಿಹಾಕಲು ಹೊರಟ ವಾಚಕರು ಕೊಂಚ ನಿಲ್ಲಬೇಕೆಂದು ಪ್ರಾರ್ಥನೆ. ನಾಯಕಿಯ ಮನೆಗೂ ಗೋಡೆಯಿದೆ.

ಕನ್ನಡ ಪಾಠ ಹೇಳುವವನಾದ್ದರಿಂದ ಮೊದಲು ಮಾತಿನಿಂದ ಆರಂಭಿಸುತ್ತೇನೆ. ನಮ್ಮ ಭಾಷೆಯಲ್ಲಿ ಒದ್ದೆ, ತೇವ, ಪಸೆ ಎಂಬ ಮೂರು ಮಾತುಗಳಿವೆ. ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವವರುಂಟು. ಆದರೆ ಬಳಕೆಯನ್ನು ಗಮನಿಸಿದರೆ ಅಂತರ ಕಾಣುತ್ತದೆ. ನೀರಿನಿಂದ ಈಗತಾನೆ ಎತ್ತಿದ ಪಂಚೆ ಒದ್ದೆ. ಹಿಂಡಿ ಹರವಿ ಎರಡು ಗಳಿಗೆ ಕಳೆದ ಪಂಚೆ ತೇವ. ಒಣಗಿತೆಂದು ಮಡಿಸಿ ಪೆಟ್ಟಿಗೆಯಲ್ಲಿಟ್ಟ ಪಂಚೆಯಲ್ಲಿ ಕೈಗೆ ತಿಳಿಯದಷ್ಟು ನೀರು ಉಳಿದಿರುತ್ತದಲ್ಲ, ಅದು ಪಸೆ. ಹೆದರಿದವನ ನಾಲಿಗೆಯ ಪಸೆ ಆರಿತು ಎನ್ನುತ್ತೇವೆಯೇ ಹೊರತು ನಾಲಿಗೆಯ ಒದ್ದೆ ಆರಿತು ಎನ್ನುವುದಿಲ್ಲ. ಪಸೆ ಇರಬೇಕಾದದ್ದು, ಒದ್ದೆ ಬಂದರೂ ಹೋಗಬೇಕಾದದ್ದು. ಗೋಡೆಯ ಆರೋಗ್ಯಶಾಸ್ತ್ರವೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ಲೆಕ್ಕಕ್ಕೆ ಬರೋಣ. ಗಾಳಿ ಎಷ್ಟು ಬೇಕಾದರೂ ನೀರಾವಿಯನ್ನು ಹೊರಲಾರದು. ೨೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಘನ ಮೀಟರು ಗಾಳಿ ಹೊರಬಲ್ಲ ನೀರಾವಿ ಹೆಚ್ಚೆಂದರೆ ೨೩ ಗ್ರಾಂ. ೧೫ ಡಿಗ್ರಿಗೆ ಇಳಿದರೆ ೧೩ ಗ್ರಾಮಿಗೂ ಕಡಮೆ. ಹೊರಬಲ್ಲ ಭಾರದಲ್ಲಿ ನೂರಕ್ಕೆ ಎಷ್ಟನ್ನು ಗಾಳಿ ಈಗ ಹೊತ್ತಿದೆಯೆಂಬುದನ್ನೇ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಫಾಲ್ಗುಣದ ಮಧ್ಯಾಹ್ನ ಮೂವತ್ತಕ್ಕೂ ಕೆಳಗೆ ಇಳಿಯಬಹುದು. ಶ್ರಾವಣದ ಬೆಳಗಿನಲ್ಲಿ ಎಂಬತ್ತನ್ನು ದಾಟುವುದು ಸಾಮಾನ್ಯ. ಮನುಷ್ಯನಿಗೆ ನಲವತ್ತರಿಂದ ಅರವತ್ತರವರೆಗೆ ಹಿತ. ಗೋಡೆಯ ಮೈಯಲ್ಲಿ ಎಂಬತ್ತು ದಾಟಿ ಬಹುದಿನ ನಿಂತರೆ ಬೂಷ್ಟಿಗೆ ಹಬ್ಬ.

ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಅದರ ಗಾಳಿ ೩೬ ಘನ ಮೀಟರು. ಆ ಗಾಳಿಯ ಆರ್ದ್ರತೆಯನ್ನು ೩೩ರಿಂದ ೭೫ಕ್ಕೆ ಏರಿಸಲು ಎಷ್ಟು ನೀರು ಬೇಕೆಂದು ಗುಣಿಸಿ ನೋಡಿದರೆ, ಸುಮಾರು ೩೫೦ ಗ್ರಾಂ, ಅಂದರೆ ಒಂದು ದೊಡ್ಡ ಲೋಟದಷ್ಟು ನೀರು ಸಾಕಾಗುತ್ತದೆ! ನಾಲ್ಕು ಜನರ ಸಂಸಾರವೋ, ಉಸಿರು, ಬೆವರು, ಅಡಿಗೆ, ಸ್ನಾನ, ಒಗೆದ ಬಟ್ಟೆ ಎಲ್ಲವೂ ಸೇರಿ ದಿನಕ್ಕೆ ಹತ್ತು ಲೀಟರಿನ ಆಸುಪಾಸು ನೀರನ್ನು ಮನೆಯ ಗಾಳಿಗೆ ಬಿಡುತ್ತದೆ. ಕಿಟಕಿ ತೆರೆದಿದ್ದರೆ ಬಹುಪಾಲು ಹೊರಗೆ ಹೋಗುತ್ತದೆ. ಮಳೆಯೆಂದು ಮುಚ್ಚಿದ್ದರೆ? ಕೋಣೆಯ ಗಾಳಿಗೆ ಅದನ್ನು ಹೊರುವ ಶಕ್ತಿಯಿಲ್ಲ. ಹೊರೆಯನ್ನು ಇಳಿಸಲು ಅದು ಗೋಡೆಯತ್ತ ನೋಡುತ್ತದೆ.

ಗೋಡೆ ಆ ಹೊರೆಯನ್ನು ಕೊಳ್ಳುವುದೋ ತಿರಸ್ಕರಿಸುವುದೋ ಎಂಬುದು ಅದರ ಸಾಮಗ್ರಿಯನ್ನು ಅವಲಂಬಿಸಿದೆ. ಮರದ ಮಾತನ್ನು ಮೊದಲು ತೆಗೆದುಕೊಳ್ಳೋಣ. ಮಲ್ಲೇಶ್ವರದ ೧೮ನೆಯ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ೧೯೩೮ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಹುಟ್ಟಿದ ಸಂಸ್ಥೆ. ಆ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು ಇದು: ಮರದಲ್ಲಿ ನೀರು ಎರಡು ಬಗೆಯಾಗಿ ಇರುತ್ತದೆ. ಜೀವಕೋಶಗಳ ಟೊಳ್ಳಿನಲ್ಲಿ ತುಂಬಿದ ನೀರು ಒಂದು. ಕೋಶದ ಗೋಡೆಯ ನಾರಿನೊಳಕ್ಕೇ ಅಂಟಿಕೊಂಡ ನೀರು ಮತ್ತೊಂದು. ಕಡಿದ ಮರ ಒಣಗುವಾಗ ಮೊದಲನೆಯದು ಬೇಗ ಹೋಗುತ್ತದೆ. ಎರಡನೆಯದು, ಮರದ ಒಣತೂಕದ ನೂರಕ್ಕೆ ಸುಮಾರು ಮೂವತ್ತು ಭಾಗದಿಂದ ಕೆಳಗೆ, ಗಾಳಿಯ ಆರ್ದ್ರತೆಗೆ ತಕ್ಕಂತೆ ಏರಿಳಿಯುತ್ತಲೇ ಇರುತ್ತದೆ. ಆರ್ದ್ರತೆ ಮೂವತ್ತಾಗಿದ್ದರೆ ಮರದಲ್ಲಿ ನೂರಕ್ಕೆ ಆರು ಭಾಗ ನೀರು, ಅರವತ್ತೈದಾದರೆ ಹನ್ನೆರಡು, ಎಂಬತ್ತಾದರೆ ಹದಿನಾರು. ನಲವತ್ತು ಕಿಲೋ ತೂಕದ ಬಾಗಿಲೊಂದು ಬೇಸಗೆಯಿಂದ ಮಳೆಗಾಲಕ್ಕೆ ಪೂರ್ತಿಯಾಗಿ ಹೊಂದಿಕೊಂಡಿತೆಂದರೆ ನಾಲ್ಕು ಲೀಟರು ನೀರನ್ನು ಸದ್ದಿಲ್ಲದೆ ಕುಡಿದಿರುತ್ತದೆ. ಅದು ಅಡ್ಡಡ್ಡಲಾಗಿ ಉಬ್ಬಿ ಚೌಕಟ್ಟಿಗೆ ಬಿಗಿಯುವುದು ಈ ಕಾರಣದಿಂದ. ತೇಗದ ಮರ ಹೀಗೆ ಉಬ್ಬಿ ಕುಗ್ಗುವುದು ಕಡಮೆ. ಹಿರಿಯರು ತೇಗಕ್ಕೆ ಹಣ ಸುರಿದದ್ದು ಬರಿಯ ಅಂದಕ್ಕಾಗಿ ಅಲ್ಲ.

ಹುಲ್ಲಿಗೂ ನಾರಿಗೂ ಇದೇ ಸ್ವಭಾವ. ನಮ್ಮ ತಲೆಗೂದಲಿಗೂ ಉಂಟು. ಜಿನೀವದ ಸೊಸ್ಯೂರ್ ಎಂಬ ವಿಜ್ಞಾನಿ ೧೭೮೩ರಲ್ಲಿ ಮನುಷ್ಯನ ಕೂದಲಿನ ಹಿಗ್ಗು ಕುಗ್ಗುಗಳನ್ನೇ ಆಧರಿಸಿ ಗಾಳಿಯ ಆರ್ದ್ರತೆಯನ್ನಳೆಯುವ ಉಪಕರಣವನ್ನು ವರ್ಣಿಸಿದನು. ಜೇಡಿಮಣ್ಣು ಜೀವಮೂಲದ್ದಲ್ಲವಾದರೂ ಈ ವಿಷಯದಲ್ಲಿ ಅವುಗಳ ಸೋದರನೇ ಸರಿ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಅತಿ ತೆಳು. ಒಂದೊಂದು ಹಾಳೆಯ ಮೈಮೇಲೂ ನೀರಿನ ತೆಳುಪದರ ಕುಳಿತುಕೊಳ್ಳಬಲ್ಲದು. ಹುಲ್ಲು ಬೆರೆಸಿದ ಮಣ್ಣು ಎಂದರೆ ನೀರನ್ನು ಹಿಡಿದು ಬಿಡಬಲ್ಲ ಇಬ್ಬರು ಜೊತೆಗಾರರು. ಹುಲ್ಲು ಮಣ್ಣು ಬಿರಿಯದಂತೆ ಹೆಣೆದು ಹಿಡಿಯುತ್ತದೆ; ಮಣ್ಣು ಹುಲ್ಲು ಕೊಳೆಯದಂತೆ ಅದರ ಪಸೆಯನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ.

ನಮ್ಮ ಹಳೆಯ ಬಡಾವಣೆಗಳ ಮನೆಗಳನ್ನು ಈ ಕಣ್ಣಿನಿಂದ ನೋಡಬೇಕು. ಚಾಮರಾಜಪೇಟೆ ೧೮೯೨ರದು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ೧೮೯೮ರ ಪ್ಲೇಗಿನ ಭಯದ ಬೆನ್ನಲ್ಲಿ. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತದ್ದನ್ನು ಕಂಡವರು ಅಗಲವಾದ ಬೀದಿಗಳನ್ನು ಎಳೆದರು. ಮನೆಯ ಸುತ್ತ ಬಯಲು ಬಿಟ್ಟರು. ಅಂದಿನ ಉದ್ದೇಶ ಗಾಳಿ, ಬೆಳಕು. ಆದರೆ ಅದರಿಂದ ಗೋಡೆಗೂ ಒಂದು ಉಪಕಾರವಾಯಿತು: ಅದು ಒಳಗಿನಿಂದಲೂ ಹೊರಗಿನಿಂದಲೂ, ಎರಡೂ ಮುಖದಿಂದ ಒಣಗುವ ಅನುಕೂಲ ಪಡೆಯಿತು.

ತಳದಲ್ಲಿ ಕಲ್ಲು ಚಪ್ಪಡಿಯ ಕಟ್ಟಡ; ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಇಲ್ಲವೇ ಮಣ್ಣಿನಲ್ಲಿ ಕೂರಿಸಿದ ಇಟ್ಟಿಗೆಯ ಗೋಡೆ; ಮೈಗೆ ಸುಣ್ಣದ ಗಾರೆ; ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಸುಣ್ಣದ ಬಳಿತ; ತಲೆಯ ಮೇಲೆ ಮುಂಚಾಚಿದ ಮಂಗಳೂರು ಹೆಂಚು; ಕಿಟಕಿಯ ನೆತ್ತಿಗೆ ಮಳೆ ತಡೆಯುವ ಚೂಪಾದ ಮರದ ಮಾಡು, ಬೆಂಗಳೂರಿಗರು 'ಮಂಕಿ ಟಾಪ್' ಎಂದು ಕರೆಯುವಂಥದು. ಹಳ್ಳಿಯ ಮನೆಯಾದರೆ ಸಗಣಿ ಸಾರಿಸಿದ ನೆಲ, ಕೆಮ್ಮಣ್ಣು ಬಳಿದ ಜಗಲಿ. ಇದರಲ್ಲಿ ನೀರನ್ನು ಪೂರ್ತಿಯಾಗಿ ತಡೆಯುವ ವಸ್ತು ಹೆಂಚು ಮತ್ತು ಕಲ್ಲು ಮಾತ್ರ. ಅವು ಇರುವುದು ತಲೆಯಲ್ಲಿ ಮತ್ತು ಕಾಲಿನಲ್ಲಿ. ನಡುವಿನ ಮೈಯೆಲ್ಲ ತೆರೆದದ್ದು.

ಸುಣ್ಣದ ಗಾರೆಯ ಗುಣವನ್ನು ಇಲ್ಲಿಯೇ ಹೇಳಬೇಕು. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಗಾಣದಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿಯ ನೀರನ್ನೂ ಸೇರಿಸಿ ಮಾಡುತ್ತಿದ್ದ ಈ ಗಾರೆ, ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕಲ್ಲಾದರೂ ಅದರಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮಳೆಯ ಹನಿ ಅಪ್ಪಳಿಸಿದರೆ ಸ್ವಲ್ಪ ಹೀರಿ, ಬಿಸಿಲು ಬಂದೊಡನೆ ಬಿಟ್ಟುಬಿಡುತ್ತದೆ. ಒಳಗಿನ ಆವಿ ಹೊರಗೆ ಹೋಗಲು ಅಡ್ಡಬರುವುದಿಲ್ಲ. ಹೊಸದಾಗಿ ಬಳಿದ ಸುಣ್ಣ ತೀವ್ರ ಕ್ಷಾರವಾದ್ದರಿಂದ ಬೂಷ್ಟು ಬೇರೂರಲಾರದು. ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಶಾಸ್ತ್ರಕ್ಕಲ್ಲ, ಚಿಕಿತ್ಸೆಗೆ.

ಈ ಏರ್ಪಾಟು ಎಲ್ಲಿ ಕೆಡುತ್ತದೆ? ಚಾಮರಾಜಪೇಟೆಯ ನನ್ನ ಪರಿಚಿತರೊಬ್ಬರ ಮನೆಯ ಕಥೆಯನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ಅವರ ತಾತನವರು ಕಟ್ಟಿಸಿದ ಮನೆ. ಬೀದಿಯ ಬದಿಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಪ್ಪು ಕಲೆ ಕಾಣಿಸಿಕೊಂಡಿತು. ಗುತ್ತಿಗೆದಾರರೊಬ್ಬರು ಬಂದು, ಹಳೆಯ ಸುಣ್ಣದ ಗಾರೆಯನ್ನು ಕೆರೆದು, ಸೊಂಟದೆತ್ತರಕ್ಕೆ ಸಿಮೆಂಟಿನ ಗಾರೆ ಮಾಡಿದರು. ಗೋಡೆ ಕನ್ನಡಿಯಂತಾಯಿತು; ಎಲ್ಲರಿಗೂ ಸಮಾಧಾನ. ಎರಡು ಮಳೆಗಾಲ ಕಳೆದ ಮೇಲೆ ಕಲೆ ಸಿಮೆಂಟಿನ ಪಟ್ಟಿಯ ಮೇಲುಗಡೆ, ಎದೆಯೆತ್ತರದಲ್ಲಿ ಮೂಡಿತು. ಮತ್ತೆ ಸಿಮೆಂಟು, ಈ ಸಲ ಸೂರಿನವರೆಗೆ; ಅದರ ಮೇಲೆ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ. ನಾಲ್ಕನೆಯ ವರ್ಷ ಬಾಗಿಲ ಚೌಕಟ್ಟಿನ ಬುಡ ಮೆತ್ತಗಾಯಿತು, ಗೆದ್ದಲು ಹತ್ತಿತು, ಬಣ್ಣ ಬೊಬ್ಬೆಯೆದ್ದು ಅದರೊಳಗಿನಿಂದ ಬಿಳಿಯ ಉಪ್ಪಿನ ಪುಡಿ ಉದುರತೊಡಗಿತು. ಬಂದು ನೋಡಿದ ಎಂಜಿನಿಯರರು, "ಗೋಡೆಯಲ್ಲಿ ಸತ್ವವಿಲ್ಲ, ಮಣ್ಣಿನ ಗೋಡೆ, ಇದರ ಕಾಲ ಮುಗಿಯಿತು" ಎಂದರು. ಮನೆ ಮಾರಾಟವಾಯಿತು.

ಅದನ್ನು ಕೆಡಹುವಾಗ ನಾನು ಹೋಗಿದ್ದೆ. ಕೆಲಸದವರಲ್ಲಿ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರಿದ್ದರು. ಸಿಮೆಂಟು ಕಂಡ ಗೋಡೆಯಲ್ಲಿ ಹಾರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಒಳಗಿನ ಮಣ್ಣು ಹಿಟ್ಟಿನಂತೆ ಮಿದುವಾಗಿತ್ತು. ಹಿತ್ತಿಲ ಕಡೆಯ ಗೋಡೆಗೆ ಖರ್ಚಿನ ಭಯದಿಂದ ಯಾರೂ ಕೈಹಾಕಿರಲಿಲ್ಲ. ಹಳೆಯ ಸುಣ್ಣವೇ ಇತ್ತು. ಅಲ್ಲಿ ಹಾರೆ ಹಾಕಿದರೆ ಠಣ್ಣೆಂದು ಹಿಂದಕ್ಕೆ ಪುಟಿಯುತ್ತಿತ್ತು. ಒಂದೇ ಮಣ್ಣು, ಒಂದೇ ಕೈ, ಒಂದೇ ವಯಸ್ಸು. ಮೇಸ್ತ್ರಿ ನನ್ನ ಕಡೆ ತಿರುಗಿ, "ಗೋಡೆಗೆ ಬೆವರು ಬಂದರೆ ಒರೆಸಬೇಕು ಸ್ವಾಮಿ, ಬಾಯಿ ಕಟ್ಟಬಾರದು" ಎಂದರು. ಬೀದಿಗೆ ವರ್ಷವರ್ಷವೂ ಡಾಮರಿನ ಮೇಲೆ ಡಾಮರು ಹಾಕಿ ಹಾಕಿ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಬೇಕಾಗಿದ್ದ ಮನೆಗೆ ಈಗ ಒಂದೇ ಮೆಟ್ಟಿಲು ಉಳಿದಿತ್ತು. ಬೀದಿಯ ನೀರು ಕಲ್ಲಿನ ತಳವನ್ನು ದಾಟಿ ನೇರವಾಗಿ ಮಣ್ಣನ್ನು ಮುಟ್ಟುತ್ತಿತ್ತು. ಕಲೆಯ ಮೂಲ ಅದು. ಅದನ್ನು ಕೇಳಿದವರು ಯಾರೂ ಇಲ್ಲ.

ಇಲ್ಲಿ ನಡೆದದ್ದೇನೆಂದು ವಿಚಾರಿಸೋಣ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ. ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತದೆ. ಏರುವ ವೇಗವೂ ಆರುವ ವೇಗವೂ ಸಮವಾದ ಎತ್ತರದಲ್ಲಿ ಕಲೆ ನಿಲ್ಲುತ್ತದೆ. ಮೊಣಕಾಲೆತ್ತರದ ಕಲೆ ಎಂದರೆ ಮೊಣಕಾಲಿನವರೆಗಿನ ಮೈ ಆ ನೀರನ್ನು ಆರಿಸಲು ಸಾಕಾಗಿದೆ ಎಂದರ್ಥ. ಆ ಮೈಯನ್ನು ಸಿಮೆಂಟಿನಿಂದ ಮುಚ್ಚಿದಿರೋ, ನೀರು ಆರುವ ಜಾಗವನ್ನು ಹುಡುಕಿಕೊಂಡು ಇನ್ನೂ ಮೇಲಕ್ಕೆ ಹೋಗುತ್ತದೆ. ಪೂರ್ತಿ ಮುಚ್ಚಿದರೆ ಒಳಗೇ ನಿಲ್ಲುತ್ತದೆ. ಪಸೆ ತೇವವಾಗುತ್ತದೆ, ತೇವ ಒದ್ದೆಯಾಗುತ್ತದೆ. ಸಿಮೆಂಟು ಗಡುಸು, ಮಣ್ಣಿನೊಡನೆ ಹಿಗ್ಗಿ ಕುಗ್ಗಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಮಳೆನೀರು ಒಳಗೆ ಹೋಗಬಲ್ಲದು, ಹೊರಗೆ ಬರಲಾರದು. ಕಲೆಯೆಂಬುದು ರೋಗವಲ್ಲ, ಗೋಡೆ ತಾನೇ ಮಾಡಿಕೊಳ್ಳುತ್ತಿದ್ದ ಪರಿಹಾರ. ಆ ಪರಿಹಾರವನ್ನೇ ನಾವು ಕಟ್ಟಿಹಾಕಿದೆವು.

ಇದು ನಮ್ಮ ಊರಿನ ದುರದೃಷ್ಟವೊಂದೇ ಅಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತದ ಹುಲ್ಲು-ಮಣ್ಣಿನ ಮನೆಗಳಿಗೂ ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು ಮೆತ್ತಿ ಹೀಗೆಯೇ ಹಾಳುಮಾಡಿದರು. ಫ್ರಾನ್ಸಿನಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳ ಸಂದುಗಳಿಗೆ ಸಿಮೆಂಟು ತುಂಬಿದಾಗ ಮರ ಕೊಳೆಯತೊಡಗಿತು. ೧೯೮೦ರ ದಶಕದಲ್ಲಿ ಅದಕ್ಕೆ ಬದಲಾಗಿ ಭಂಗಿ ಗಿಡದ ದಂಟಿನ ಚೂರುಗಳನ್ನು ಸುಣ್ಣದಲ್ಲಿ ಕಲಸಿ ತುಂಬಿ ನೋಡಿದರು. ಮರ ಉಳಿಯಿತು. ದುರಸ್ತಿಗೆಂದು ಬಂದ ಆ ಮಿಶ್ರಣ ಇಂದು ಹೊಸ ಮನೆಗಳ ಗೋಡೆಯಾಗಿ ಹಲವು ದೇಶಗಳಲ್ಲಿ ಹರಡಿದೆ.

ಅದನ್ನು ಕೇವಲ ಹೊಸತೆಂದು ಭಾವಿಸಬೇಕಾದುದಿಲ್ಲ. ನಮ್ಮ ಮಾನ್ಯಖೇಟದ ರಾಷ್ಟ್ರಕೂಟರು ಕೈಲಾಸ ದೇವಾಲಯವನ್ನು ಕೊರೆಯಿಸಿದ ಎಲ್ಲೋರದ ಗುಹೆಗಳಲ್ಲಿ ಮಣ್ಣಿನ ಗಿಲಾವಿನ ಮಾದರಿಗಳನ್ನು ಪರೀಕ್ಷಿಸಿದ ರಾಜದೇವ್ ಸಿಂಗ್ ಮತ್ತು ಸರದೇಸಾಯಿ ಎಂಬ ವಿದ್ವಾಂಸರು, ಅದರಲ್ಲಿ ಭಂಗಿ ಗಿಡದ ನಾರು, ತುಂಡುಗಳು ಬೆರೆತಿರುವುದನ್ನು ೨೦೧೬ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡ ಗಿಲಾವು ಅದು. ಅಮೆರಿಕದ ನೆಬ್ರಾಸ್ಕದ ಆರ್ಥರ್ ಎಂಬ ಊರಿನಲ್ಲಿ ಹುಲ್ಲಿನ ಪಿಂಡಿಗಳನ್ನೇ ಇಟ್ಟಿಗೆಯಂತೆ ಜೋಡಿಸಿ ೧೯೨೮ರಲ್ಲಿ ಕಟ್ಟಿದ ಇಗರ್ಜಿಯೊಂದು ಇಂದಿಗೂ ನಿಂತಿದೆ. ಹುಲ್ಲು ಬಾಳದೆಂಬ ಮಾತು ನಿಜವಲ್ಲ. ಒದ್ದೆ ಹುಲ್ಲು ಬಾಳದೆಂಬುದು ನಿಜ.

ಗೋಡೆಯ ಈ ಕೊಡು-ಕೊಳ್ಳುವಿಕೆಯನ್ನು ಅಳೆಯಲು ಒಂದು ಕ್ರಮವೂ ಬಂದಿದೆ. ೨೦೦೫ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದವರೂ ನೆರೆ ದೇಶಗಳವರೂ ಕೂಡಿ ಗೊತ್ತುಮಾಡಿದ ಕ್ರಮ ಅದು. ವಸ್ತುವಿನ ತುಂಡನ್ನು ದಿನಕ್ಕೆ ೮ ಗಂಟೆ ೭೫ರ ಆರ್ದ್ರತೆಯಲ್ಲಿ, ೧೬ ಗಂಟೆ ೩೩ರ ಆರ್ದ್ರತೆಯಲ್ಲಿ ಇಟ್ಟು ತೂಗುತ್ತಾರೆ. ಒಂದು ಚದರ ಮೀಟರು ಮೈ, ಆರ್ದ್ರತೆ ಒಂದಂಶ ಏರಿದರೆ, ಎಷ್ಟು ಗ್ರಾಂ ನೀರನ್ನು ಕೊಳ್ಳುತ್ತದೆಯೆಂಬುದೇ ಅಂಕ. ಕಾಂಕ್ರೀಟಿಗೆ ಸುಮಾರು ೦.೪ ಬಂದಿತು, ಇಟ್ಟಿಗೆಗೆ ೦.೫, ಸ್ಪ್ರೂಸ್ ಮರಕ್ಕೆ ೧.೨. ಭಂಗಿ-ಸುಣ್ಣದ ಗೋಡೆಗೆ ಎರಡರ ಆಸುಪಾಸು. ನಾವು ಕಲ್ಪಿಸಿಕೊಂಡ ಕೋಣೆಯ ನಾಲ್ಕು ಗೋಡೆಗಳ ಮೈ ೪೨ ಚದರ ಮೀಟರು. ಈ ಲೆಕ್ಕದಂತೆ ಕಾಂಕ್ರೀಟಿನ ಕೋಣೆ ಎಂಟು ಗಂಟೆಯಲ್ಲಿ ಮುಕ್ಕಾಲು ಲೀಟರಿಗೂ ಕಡಮೆ ನೀರನ್ನು ಕೊಳ್ಳಬಲ್ಲದು; ಭಂಗಿ-ಸುಣ್ಣದ ಕೋಣೆ ಮೂರೂವರೆ ಲೀಟರು. ಅದೂ ಬತ್ತಲೆ ಗೋಡೆಯಾಗಿದ್ದರೆ! ಆವಿ ದಾಟದ ಬಣ್ಣವನ್ನು ಬಳಿದ ಕ್ಷಣ ಅಂಕ ಕುಸಿಯುತ್ತದೆ. ಕೊಡವನ್ನು ಕೊಂಡುಕೊಂಡು ಬಾಯಿಗೆ ಮೇಣ ಹಚ್ಚಿದಂತೆ.

ಹಾಗೆಂದು ಮಣ್ಣು-ಹುಲ್ಲುಗಳನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಆವಿಯನ್ನು ಆದರಿಸುವ ಗೋಡೆ ಹರಿಯುವ ನೀರಿಗೆ ಹೆದರುತ್ತದೆ. ಒದ್ದೆಯಾದ ಮಣ್ಣಿನ ಗೋಡೆಯ ಬಲ ಬಹಳವಾಗಿ ಇಳಿಯುತ್ತದೆ; ಮಳೆಗಾಲದ ಪತ್ರಿಕೆಗಳಲ್ಲಿ ಮನೆ ಕುಸಿದು ಸಾವು ಎಂಬ ಸುದ್ದಿಯನ್ನು ಓದದ ವರ್ಷವಿಲ್ಲ. ಮಲೆನಾಡಿನವರು ಇದನ್ನು ಬಲ್ಲರು. ಅಲ್ಲಿ ಸೂರು ಗೋಡೆಯಿಂದ ಮಾರುದೂರ ಚಾಚಿರುತ್ತದೆ. ಇರಚಲು ಹೊಡೆಯುವ ದಿಕ್ಕಿಗೆ ಮಳೆಗಾಲದ ಮುಂಚೆ ಅಡಕೆ ಸೋಗೆಯ ತಟ್ಟಿಗಳನ್ನು ಕಟ್ಟಿ, ಮಳೆ ನಿಂತ ಮೇಲೆ ಬಿಚ್ಚುತ್ತಾರೆ. ಗೋಡೆಗೆ ನೀರು ತಾಗದಂತೆ ಮರೆ ಮಾಡಿದರು, ಗೋಡೆಯ ಮೈಗೆ ಮುಚ್ಚಳ ಹಾಕಲಿಲ್ಲ. ಈ ಎರಡಕ್ಕೂ ಇರುವ ಅಂತರವೇ ವಿದ್ಯೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತಷ್ಟೆ. ಅಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಮತ್ತೆ ಮರ್ಯಾದೆ ತಂದರು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ಕ್ರಮವನ್ನು ಅವರು ಬೆಳೆಸಿದರು. ಆ ಇಟ್ಟಿಗೆಯ ಬಲವನ್ನು ನೀರಿನಲ್ಲಿ ನೆನೆಸಿ ಪರೀಕ್ಷಿಸುವುದು ಅಲ್ಲಿಯ ವಾಡಿಕೆ. ಒಣಗಿದಾಗ ಗಟ್ಟಿಯಾಗಿರುವ ಮಣ್ಣು ನೆನೆದಾಗ ಏನಾಗುತ್ತದೆಂಬುದೇ ನಿಜವಾದ ಪ್ರಶ್ನೆಯಾದ್ದರಿಂದ. ಸಿಮೆಂಟು ಇಲ್ಲಿ ಮಣ್ಣಿನೊಳಗೆ ಬೆರೆತು ಸೇವಕನಾಗಿದೆ. ಮೇಲೆ ಕುಳಿತು ಯಜಮಾನನಾಗಿಲ್ಲ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಮಣ್ಣಿನ ಮನೆಯನ್ನು ಮೆಚ್ಚುವವರು ಬಹುಮಟ್ಟಿಗೆ ಅದರಲ್ಲಿ ವಾಸ ಮಾಡದವರು. ವರ್ಷ ವರ್ಷ ಸಾರಿಸಿ, ಬಳಿದು, ಬಿರುಕು ಮುಚ್ಚಿದ ತಾಯಂದಿರನ್ನು ಕೇಳಿದರೆ ಸಿಮೆಂಟಿನ ನೆಲವೇ ಸ್ವರ್ಗವೆನ್ನುತ್ತಾರೆ. ಅವರ ಮಾತು ಸಣ್ಣದಲ್ಲ. ಉಸಿರಾಡುವ ಗೋಡೆ ಆಳು ಬೇಡುತ್ತದೆ; ಆ ಆಳು ಮನೆಯ ಹೆಂಗಸೇ ಆಗಿರುತ್ತಿದ್ದಳು. ಹುಲ್ಲು-ಮಣ್ಣಿನ ಮನೆಯನ್ನು ಇಂದು ಹೊಸದಾಗಿ ಕಟ್ಟುವವರು ಆ ದುಡಿಮೆಯನ್ನು ಯಾರು ಮಾಡುವರೆಂಬುದನ್ನು ನಕ್ಷೆ ಬರೆಯುವ ದಿನವೇ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಮೂರನೆಯ ವರ್ಷ ಬೇಸತ್ತು ಸಿಮೆಂಟು ಬಳಿಸುವುದು ನಿಶ್ಚಯ; ಅದು ಮೊದಲಿನಿಂದಲೇ ಸಿಮೆಂಟಿನ ಮನೆ ಕಟ್ಟುವುದಕ್ಕಿಂತ ಕೆಟ್ಟದ್ದು.

ಹಳೆಯ ಗೋಡೆಯುಳ್ಳ ವಾಚಕರಿಗೆ ಕೆಲವು ಕೆಲಸದ ಮಾತುಗಳು. ಕಲೆ ಕಂಡೊಡನೆ ಗಾರೆಯವರನ್ನು ಕರೆಯುವ ಮುನ್ನ ನೀರಿನ ಮೂಲವನ್ನು ಹುಡುಕಿ: ಒಡೆದ ಹೆಂಚೇ, ತೂತಾದ ತಗಡಿನ ದೋಣಿಯೇ, ಬಚ್ಚಲ ಕೊಳವೆಯೇ, ಎತ್ತರವಾದ ಬೀದಿಯೇ, ಗೋಡೆಗೆ ಒತ್ತಿ ಮಣ್ಣೇರಿಸಿದ ಹೂವಿನ ಪಾತಿಯೇ? ಅದನ್ನು ಸರಿಪಡಿಸದೆ ಗೋಡೆಯನ್ನು ಮುಟ್ಟಬೇಡಿ. ಸರಿಪಡಿಸಿದ ಮೇಲೆ ಸಿಮೆಂಟಿನ ಪಟ್ಟಿಯಿದ್ದರೆ ಜೋಪಾನವಾಗಿ ಬಿಡಿಸಿ, ಗೋಡೆಯನ್ನು ಸುಮ್ಮನೆ ಬಿಡಿ. ದಪ್ಪ ಗೋಡೆ ಅವಸರಕ್ಕೆ ಒಣಗುವುದಿಲ್ಲ. ಒಂದಂಗುಲ ಆಳಕ್ಕೆ ಒಂದು ತಿಂಗಳೆಂಬುದು ಬಲ್ಲವರ ಅಂದಾಜು. ಹದಿನೆಂಟಂಗುಲದ ಗೋಡೆ ಎರಡು ಕಡೆಯಿಂದ ಆರುವುದಾದರೆ ಒಂಬತ್ತು ತಿಂಗಳು. ಒಂದು ಬಸಿರಿನ ಅವಧಿ. ಆ ಬಳಿಕ ಸುಣ್ಣದ ಗಾರೆ, ಸುಣ್ಣದ ಬಳಿತ. ಬೀರುವನ್ನು ಗೋಡೆಗೆ ಒತ್ತಿಸದೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಮಳೆ ಹೊಳವಾದಾಗ ಎದುರುಬದುರು ಕಿಟಕಿಗಳನ್ನು ತೆರೆಯಿರಿ.

ಮನೆ ಮಾರಿದ ನನ್ನ ಪರಿಚಿತರ ವಿಷಯವನ್ನು ಹೇಳಿ ಮುಗಿಸುತ್ತೇನೆ. ಅವರು ಈಗ ಊರಾಚೆಯ ಎತ್ತರದ ಕಟ್ಟಡವೊಂದರ ಐದನೆಯ ಅಂತಸ್ತಿನಲ್ಲಿದ್ದಾರೆ. ಮಣ್ಣಿಲ್ಲ, ನೆಲದ ನೀರಿಲ್ಲ, ಗೆದ್ದಲಿಲ್ಲ. ಹೋದ ಮಳೆಗಾಲದಲ್ಲಿ ಅವರ ಮನೆಗೆ ಹೋಗಿದ್ದಾಗ ಆ ತಾಯಿ ಮಲಗುವ ಕೋಣೆಯ ಬೀರುವನ್ನು ಎಳೆದು ತೋರಿಸಿದರು. ಹಿಂದಿನ ಗೋಡೆಯ ತುಂಬ ಕಪ್ಪು ಬೂಷ್ಟು. ಮೊಮ್ಮಗನಿಗೆ ಬಿಡದ ಕೆಮ್ಮು. "ಇಲ್ಲಿ ನೀರೇ ಇಲ್ಲವಲ್ಲ ಮೇಷ್ಟ್ರೇ, ಇದು ಎಲ್ಲಿಂದ ಬಂತು?" ಎಂದು ಕೇಳಿದರು. ನೀರು ಬಂದದ್ದು ಅವರೆಲ್ಲರ ಉಸಿರಿನಿಂದ, ಅವರ ಅನ್ನದ ಪಾತ್ರೆಯಿಂದ, ಒಳಗೇ ಒಣಹಾಕಿದ ಬಟ್ಟೆಗಳಿಂದ. ಹಳೆಯ ಮನೆಯಲ್ಲಿಯೂ ಅಷ್ಟೇ ನೀರಿತ್ತು. ಅಲ್ಲಿ ಅದನ್ನು ಹಗಲು ಕೊಂಡು ರಾತ್ರಿ ಬಿಡುವ ಗೋಡೆಗಳಿದ್ದವು.

ಮನೆ ಕಟ್ಟುವಾಗಲೂ ಕೊಳ್ಳುವಾಗಲೂ ಗೋಡೆಯನ್ನು ತಟ್ಟಿ ನಾವೆಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಒದ್ದೆಯಾಗುತ್ತದೆಯೇ? ಎಲ್ಲ ಗೋಡೆಯೂ ಒಂದಲ್ಲ ಒಂದು ದಿನ ಒದ್ದೆಯಾಗುತ್ತದೆ. ಒದ್ದೆಯಾದ ಮೇಲೆ ಇದು ಆರುತ್ತದೆಯೇ, ಆರಲು ನಾವು ಬಿಡುತ್ತೇವೆಯೇ ಎಂದು ಕೇಳುವ ಅಭ್ಯಾಸ ಬಂದರೆ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಉಳಿದಿರುವ ಕೆಲವಾದರೂ ಮನೆಗಳು ಇನ್ನೊಂದು ನೂರು ಮಳೆಗಾಲವನ್ನು ಕಂಡಾವು.